ದೆವ್ವದ ನಗೆಗಥೆ ಹುಡುಗರಿಗೆ ಹಿತವೇ?

ಕಡೂರು ಸೀಮೆಯ ಎಮ್ಮೆದೊಡ್ಡಿಯ ಕಡೆ ಹೋದವರಿಗೆ ಮದಗದ ಕೆರೆಯ ಕಥೆ ಕೇಳದೆ ಹಿಂದಿರುಗುವುದು ಕಷ್ಟ. ಮಾಯದ ಮಳೆ ಸುರಿದು ಕೆರೆ ತುಂಬಿದ ಪ್ರಸಿದ್ಧ ಜನಪದ ಗೀತೆ ಈ ಕೆರೆಯದೇ ಎಂಬುದು ಆ ಭಾಗದವರ ಅಭಿಮಾನದ ಮಾತು. ಮಾಸೂರಿನ ಮದಗಕ್ಕೂ ಆ ಹಾಡಿನ ಮೇಲೆ ಹಕ್ಕುಂಟೆನ್ನುವವರಿದ್ದಾರೆ. ಆ ವ್ಯಾಜ್ಯ ಇಲ್ಲಿ ಬೇಡ. ಇಂಥ ಮಾಯೆಯ ಕಥೆಗಳು ಒಂದು ಕಾಲದಲ್ಲಿ ಅಜ್ಜಿಯ ಬಾಯಿಂದ ಬರುತ್ತಿದ್ದವು. ಇಂದು ಅಂಗೈಯಗಲದ ಫೋನಿನಲ್ಲಿ ಜಪಾನಿನ ದೆವ್ವಗಳೇ ಮನೆಯೊಳಕ್ಕೆ ಬರುತ್ತಿವೆ.

ಅವುಗಳಲ್ಲಿ ಹದಿಹರೆಯದವರ ಮನಸ್ಸನ್ನು ಸೂರೆಗೊಂಡ ಒಂದು ಅನಿಮೆ ‘ದಂಡದನ್’. ಯುಕಿನೊಬು ತತ್ಸು ಎಂಬ ಕಲಾವಿದ 2021ರಲ್ಲಿ ಆರಂಭಿಸಿದ ಚಿತ್ರಕಥೆಯನ್ನು ಆಧರಿಸಿ, ಸೈನ್ಸ್ ಸಾರು ಸಂಸ್ಥೆ ಇದನ್ನು 2024ರ ಅಕ್ಟೋಬರಿನಲ್ಲಿ ತೆರೆಗೆ ತಂದಿತು. ಪ್ರೌಢಶಾಲೆಯ ಹುಡುಗಿ ಮೊಮೊ ದೆವ್ವಗಳನ್ನು ನಂಬುತ್ತಾಳೆ, ಅನ್ಯಗ್ರಹವಾಸಿಗಳನ್ನು ನಂಬುವುದಿಲ್ಲ. ಸಹಪಾಠಿ ಒಕಾರುನ್‌ನದು ಇದಕ್ಕೆ ತದ್ವಿರುದ್ಧ. ಪಂತಕ್ಕೆ ಬಿದ್ದ ಇಬ್ಬರಿಗೂ ಎರಡೂ ಎದುರಾಗುತ್ತವೆ. ಮೊಮೊಳನ್ನು ಸಾಕಿದ ಅಜ್ಜಿಯಂತೂ ಸಿಗರೇಟು ಸೇದುವ ಮಂತ್ರವಾದಿನಿ!

ಭೂತಪ್ರೇತಗಳಿವೆಯೆಂಬ ಕಾರಣಕ್ಕೆ ಮಾತ್ರ ಇದನ್ನು ದೂರಿಡುವುದು ನ್ಯಾಯವಲ್ಲ. ಹೆಗಲ ಮೇಲೆ ಹೆಣ ಹೊತ್ತ ವಿಕ್ರಮನ ಚಿತ್ರವನ್ನು ‘ಚಂದಮಾಮ’ದಲ್ಲಿ ನೋಡುತ್ತ ಬೆಳೆದವರೇ ಇಂದಿನ ಅಜ್ಜ ಅಜ್ಜಿಯರು. ನೀರು ಬಾರದ ಕೆರೆಗೆ ಸೊಸೆ ಭಾಗೀರಥಿಯನ್ನು ಬಲಿಗೊಟ್ಟ ‘ಕೆರೆಗೆ ಹಾರ’ವನ್ನು ಕೇಳಿ ಮಕ್ಕಳು ಅತ್ತರೇ ಹೊರತು ಕೆಟ್ಟುಹೋಗಲಿಲ್ಲ. ‘ದಂಡದನ್’ನ 7ನೆಯ ಕಂತೂ ಇದೇ ಜಾತಿಯದು. ಭೀಕರವಾಗಿ ತೋರುವ ಪ್ರೇತವೊಂದು ಮಗಳನ್ನು ಕಳೆದುಕೊಂಡ ಬಡ ತಾಯಿಯೆಂದು ಅಲ್ಲಿ ತಿಳಿಯುತ್ತದೆ. ನಗುತ್ತಿದ್ದವರ ಗಂಟಲು ಕಟ್ಟುತ್ತದೆ.

ತೊಡಕಿರುವುದು ದೆವ್ವದಲ್ಲಲ್ಲ, ನಗೆಯಲ್ಲಿ. ಮೊದಲ ಕಂತಿನಲ್ಲಿಯೇ ಅನ್ಯಗ್ರಹವಾಸಿಗಳು ಮೊಮೊಳನ್ನು ಹಿಡಿದು, ಒಳಉಡುಪಿನಲ್ಲಿ ಕಟ್ಟಿಹಾಕಿ ಮಾನಭಂಗಕ್ಕೆ ಮುಂದಾಗುತ್ತಾರೆ. ಅವಳು ತನ್ನ ಶಕ್ತಿಯಿಂದಲೇ ಪಾರಾಗುವಳು, ನಿಜ. ಆದರೆ ಹುಡುಗಿಯೊಬ್ಬಳ ಭಯವನ್ನು ನೋಟದ ಸರಕಾಗಿಸಿ, ಮರುಕ್ಷಣವೇ ಹಾಸ್ಯಕ್ಕೆ ಹೊರಳುವ ರೀತಿ ಹನ್ನೆರಡು ಹದಿಮೂರರ ಬಾಲಕನಿಗೆ ಏನನ್ನು ಕಲಿಸೀತು? ಶಾಪಗ್ರಸ್ತ ಒಕಾರುನ್‌ನ ಗುಪ್ತಾಂಗ ಕಳುವಾದ ಪ್ರಸಂಗವೂ ಕಂತಿನಿಂದ ಕಂತಿಗೆ ಬೆಳೆಯುತ್ತದೆ. ಅದು ಬರಿಯ ಪೋಲಿತನ, ಅಷ್ಟು ಗಂಭೀರವಲ್ಲ. ಮೊದಲನೆಯದು ಗಂಭೀರ. ಹದಿನಾರು ದಾಟಿದವರು ಹಿರಿಯರೊಡನೆ ಕುಳಿತು ನೋಡಿ, ಆ ದೃಶ್ಯ ಅಲ್ಲಿ ಬೇಕಿತ್ತೇ ಎಂದು ವಾದಿಸಬಹುದು. ಕಿರಿಯರಿಗೆ ಇದು ತಕ್ಕುದಲ್ಲ.

ಅವರಿಗೆ ‘ಮಾಬ್ ಸೈಕೋ 100’ ಲೇಸು. ಬೆಟ್ಟವನ್ನೇ ಎತ್ತಬಲ್ಲಷ್ಟು ಮನಶ್ಶಕ್ತಿಯುಳ್ಳ ಸಂಕೋಚದ ಬಾಲಕ, ಆ ಶಕ್ತಿ ತನ್ನನ್ನು ದೊಡ್ಡವನನ್ನಾಗಿ ಮಾಡದೆಂದು ತಿಳಿದು ಶಾಲೆಯ ವ್ಯಾಯಾಮ ಸಂಘಕ್ಕೆ ಸೇರುತ್ತಾನೆ. ಓಡಲಾರದೆ ಬಸವಳಿದು ಬೀಳುತ್ತಾನೆ. ಹೊಡೆದಾಟ ಇದರಲ್ಲಿಯೂ ಹೇರಳ, ಆದರೆ ನಗೆ ಯಾರ ಮಾನವನ್ನೂ ಕಳೆಯುವುದಿಲ್ಲ.

ಸರ್ಕಾರ 2021ರಲ್ಲಿ ಮಾಡಿದ ನಿಯಮದಂತೆ ಅಂತರಜಾಲದ ಚಿತ್ರಗಳಿಗೆ 7, 13, 16 ವಯಸ್ಸಿನ ಮುದ್ರೆಗಳುಂಟು. 13ರ ಮೇಲಿನವಕ್ಕೆ ಪೋಷಕರು ಬೀಗ ಹಾಕುವ ಅನುಕೂಲವನ್ನೂ ಒದಗಿಸಬೇಕು. ಆದರೆ ಅನೇಕ ಮನೆಗಳಲ್ಲಿ ಆ ಬೀಗದ ಅಂಕಿಗಳನ್ನು ಒತ್ತಿ, ತಂದೆಗೆ ಅದರ ಬಳಕೆಯನ್ನು ಕಲಿಸಿಕೊಟ್ಟವನು ಮಗನೇ ಆಗಿರುತ್ತಾನೆ.