ರೋಬೋಟಿಗೆ ಮೊದಲು ನಕ್ಷೆ

ನಮ್ಮ ಡೊಂಬಿವಲಿ ಎಂಐಡಿಸಿಯ ಯಂತ್ರಶಾಲೆಗಳಲ್ಲಿ ಕುಶಲನಾದ ಕೆಲಸಗಾರನು ಲೋಹಕ್ಕೆ ಕೈಹಚ್ಚುವ ಮೊದಲು ನಕ್ಷೆಯನ್ನು ಕೇಳುವನು. ಸ್ಪರ್ಧೆಗಾಗಿ ರೋಬೋಟನ್ನು ಕಟ್ಟಹೊರಡುವ ವಿದ್ಯಾರ್ಥಿಮಿತ್ರರಾದರೋ ಬಹುಮಟ್ಟಿಗೆ ಗರಗಸದಿಂದಲೇ ಆರಂಭಿಸುವರು. ತಪ್ಪಾಗಿ ಕೊಯ್ದ ತಗಡು ಮರಳಿ ಕೂಡದು. ವಂತಿಗೆ ಎತ್ತಿ ತಂದ ಅಲ್ಯೂಮಿನಿಯಂ ತಗಡು ಒಂದೇ ಇದ್ದರೆ ಆ ವರ್ಷದ ಸ್ಪರ್ಧೆಯೇ ಕೈತಪ್ಪುವುದುಂಟು. ಈ ನಷ್ಟವನ್ನು ತಪ್ಪಿಸುವ ಉಪಾಯವೇ ಗಣಕಯಂತ್ರದ ನೆರವಿನ ವಿನ್ಯಾಸ. ರೂಢಿಯ ಹೆಸರು ಕ್ಯಾಡ್.

ಮಹಾರಾಷ್ಟ್ರದ ಔದ್ಯೋಗಿಕ ವಿಕಾಸ ಮಂಡಲವು ಸ್ಥಾಪನೆಗೊಂಡ 1962ರ ಮರುವರ್ಷವೇ, ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಐವನ್ ಸದರ್ಲೆಂಡ್ ಎಂಬವರು ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ನಿರೂಪಿಸಿದರು. ಬೆಳಕಿನ ಲೇಖನಿಯಿಂದ ತೆರೆಯ ಮೇಲೆ ಎರಡು ರೇಖೆಗಳನ್ನೆಳೆದು, ಇವು ಸಮಾಂತರವಾಗಿರಲಿ ಎಂದು ವಿಧಿಸಿದರೆ ಯಂತ್ರವೇ ಅವನ್ನು ತಿದ್ದುತ್ತಿತ್ತು. ಈ ನಿಬಂಧನೆಯ ತತ್ತ್ವವೇ ಇಂದಿಗೂ ಕ್ಯಾಡಿನ ಜೀವಾಳ. ಅಂದು ಅದಕ್ಕೆ ಕೋಣೆ ತುಂಬುವ ಯಂತ್ರ ಬೇಕಾಗಿತ್ತು. ಇಂದು ‘ಫ್ರೀಕ್ಯಾಡ್’ ಎಂಬ ತಂತ್ರಾಂಶವು ಬಿಡಿಕಾಸಿನ ವೆಚ್ಚವಿಲ್ಲದೆ ಸಾಧಾರಣ ಗಣಕದಲ್ಲಿಯೂ ನಡೆಯುತ್ತದೆ.

ಹೊಸಬರು ಮೊದಲು ತೆರೆಯ ಮುಂದೆ ಕೂಡತಕ್ಕದ್ದಲ್ಲ. ವರ್ನಿಯರ್ ಕ್ಯಾಲಿಪರನ್ನು ಹಿಡಿದು ಮೋಟಾರು, ಗಾಲಿ, ಬ್ಯಾಟರಿಗಳನ್ನು ಅಳೆಯಬೇಕು. ಆ ಅಳತೆಗಳಂತೆ ಅವುಗಳನ್ನೇ ಮೊದಲು ಚಿತ್ರಿಸಬೇಕು. ಆಮೇಲೆ ತಳಹಲಗೆಯ ಸಮತಲ ರೇಖಾಚಿತ್ರವನ್ನೆಳೆದು, ಅಳತೆಗಳನ್ನು ವಿಧಿಸಿ, ಅದಕ್ಕೆ ದಪ್ಪವನ್ನು ಕೊಟ್ಟು, ಎಲ್ಲ ಭಾಗಗಳನ್ನೂ ಜೋಡಿಸಿ ನೋಡುವುದು.

ಒಂದು ಲೆಕ್ಕವನ್ನು ನೋಡೋಣ. ‘ಫಸ್ಟ್ ಟೆಕ್ ಚಾಲೆಂಜ್’ ಎಂಬ ವಿದ್ಯಾರ್ಥಿ ಸ್ಪರ್ಧೆಯಲ್ಲಿ ಪಂದ್ಯದ ಆರಂಭಕ್ಕೆ ರೋಬೋಟು 18 ಅಂಗುಲದ ಘನದೊಳಗೆ, ಎಂದರೆ ಸುಮಾರು 457 ಮಿ.ಮೀ. ಒಳಗೆ, ಅಡಗಬೇಕು. ತಳಹಲಗೆ 400 ಮಿ.ಮೀ. ಅಗಲವಿರಲೆಂದು ನೀವು ಹೇಳಬಹುದು, 57 ಮಿ.ಮೀ. ಉಳಿಯಿತಲ್ಲ ಎಂಬ ಧೈರ್ಯ! ಆದರೆ ಗಾಲಿಗಳು ಹಲಗೆಯ ಹೊರಗಿವೆ. ಗಾಲಿಯ ದಪ್ಪ 38, ಹಲಗೆಗೂ ಗಾಲಿಗೂ ನಡುವಣ ತೆರವು 3, ಹೊರಗೆ ಚಾಚಿದ ನಟ್ಟು 5: ಒಂದು ಮಗ್ಗುಲಿಗೆ 46, ಎರಡಕ್ಕೆ 92. ಒಟ್ಟು ಅಗಲ 492 ಆಯಿತು. ಹಲಗೆಯು 365ನ್ನು ಮೀರಬಾರದು. ಕಾಗದದ ಮೇಲೆಯೂ ಈ ಲೆಕ್ಕ ಸಾಧ್ಯವೇ; ಆದರೆ ನಾಳೆ ಬೇರೆ ಗಾಲಿ ದೊರೆತರೆ? ಅಳತೆಗೆ ‘ಗಾಲಿದಪ್ಪ’ ಎಂದು ಹೆಸರಿಟ್ಟು, ಹಲಗೆಯ ಅಗಲವನ್ನು ಅದರ ಸೂತ್ರವಾಗಿ ಬರೆದಿದ್ದರೆ, ಒಂದು ಅಂಕೆಯನ್ನು ಬದಲಿಸಿದಾಗ ಹಲಗೆಯೂ ಬದಲಾಗುವುದು. ನನ್ನ ಮಟ್ಟಿಗೆ ಕ್ಯಾಡಿನಲ್ಲಿ ಕಲಿಯತಕ್ಕ ಮುಖ್ಯ ವಿದ್ಯೆ ಇದೇ. ಬಣ್ಣ ಹೊಳಪುಗಳೆಲ್ಲ ಆಮೇಲಿನ ಮಾತು.

ತೆರೆಯು ತಾನಾಗಿ ಹೇಳದ ಸಂಗತಿಗಳೂ ಉಂಟು. ತಿರುಪುಳಿ ಹಿಡಿದ ಕೈ ಒಳಗೆ ಹೋಗುವುದೇ? ಬ್ಯಾಟರಿಯನ್ನು ಬಿಚ್ಚದೆ ಹೊರತೆಗೆಯಬಹುದೇ? ತಂತಿಗೆ ಎಡೆಯಿದೆಯೇ? ಇವನ್ನು ತಿಳಿಯಲು ನಕ್ಷೆಯನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ, ರಟ್ಟಿಗೆ ಅಂಟಿಸಿ, ಕತ್ತರಿಸಿ ಜೋಡಿಸಿ ನೋಡಿರಿ. ಬಳಿಕ ನೆರೆಯಲ್ಲಿರುವ ಫಿಟ್ಟರರೊಬ್ಬರಿಗೆ ಅದನ್ನು ತೋರಿಸಿರಿ. ಅವರ ಕಣ್ಣು ರಂಧ್ರಗಳತ್ತ ಹೋಗದಿರದು: 4 ಮಿ.ಮೀ. ತಿರುಪಿಗೆ 4.5ರ ರಂಧ್ರವಿರಲಿ, ಅದರ ಕೇಂದ್ರವು ತಗಡಿನ ಅಂಚಿನಿಂದ 8 ಮಿ.ಮೀ.ಗಿಂತ ಒಳಗಿರಲಿ, ಅಂಚಿಗೆ ತೀರ ಸಮೀಪವಾದರೆ ಮೊದಲ ಡಿಕ್ಕಿಗೇ ತಗಡು ಹರಿದೀತು.