ಮಚ್ಚು ಮನೆಯಲ್ಲಿರಲಿ, ಜೇಬಿಗೆ ಎಷ್ಟುದ್ದದ ಚಾಕು?

ಹಲಗೂರಿನ ಕಡೆ ಬೇಸಾಯದ ಮನೆಗಳಲ್ಲಿ ಹರಿತದ ಸಾಮಾನಿಗೆ ಬರವಿಲ್ಲ. ಸೂರಿನ ಸಂದಿಯಲ್ಲಿ ಕುಡ್ಲು, ಬಾಗಿಲ ಹಿಂದೆ ಮಚ್ಚು, ಕೊಟ್ಟಿಗೆಯಲ್ಲಿ ಕೊಡಲಿ, ಅಡುಗೆಮನೆಯಲ್ಲಿ ಈಳಿಗೆಮಣೆ, ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಅಡಕತ್ತರಿ. ಇಷ್ಟೆಲ್ಲ ಇದ್ದರೂ ಗದ್ದೆ ಬದುವಿನ ಮೇಲೆ ನಿಂತು ಯೂರಿಯಾ ಮೂಟೆಯ ಹೊಲಿಗೆ ಬಿಚ್ಚಬೇಕಾದಾಗ ನಾವು ಮಾಡುವುದೇನು? ದಾರಕ್ಕೆ ಹಲ್ಲು ಹಾಕುತ್ತೇವೆ. ಬರದಿದ್ದರೆ ಗಾಡಿಯ ಕೀಲಿ ತಿವಿಯುತ್ತೇವೆ. ಅದೂ ಆಗದಿದ್ದರೆ ಹುಡುಗನನ್ನು ಮನೆಗೆ ಓಡಿಸುತ್ತೇವೆ.

ಜೇಬಿನ ಚಾಕು ಬೇಕಾಗುವುದು ಆ ಹೊತ್ತಿಗೆ. ಆದರೆ ಕೊಳ್ಳಲು ಹೋದವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ: ‘ಹೇಗೂ ದುಡ್ಡು ಕೊಡ್ತೀವಿ, ಸ್ವಲ್ಪ ದೊಡ್ಡದೇ ಇರಲಿ’ ಅಂತ ಉದ್ದದ್ದನ್ನು ಆರಿಸುತ್ತಾರೆ. ಒಂದು ವಾರ ಹೊತ್ತು ತಿರುಗಿ, ತೊಡೆಗೆ ಒತ್ತಿಸಿಕೊಂಡು, ಕೊನೆಗೆ ಟಿವಿ ಸ್ಟ್ಯಾಂಡಿನ ಮೇಲೆ ಇಟ್ಟುಬಿಡುತ್ತಾರೆ. ಮನೆಯಲ್ಲಿರುವ ಚಾಕು ಗದ್ದೆಯಲ್ಲಿ ಮೂಟೆ ಬಿಚ್ಚುವುದಿಲ್ಲ.

ನಮ್ಮ ಸೀಮೆಯಲ್ಲಿ ದೊಡ್ಡ ಕೆಲಸಗಳಿಗೆಲ್ಲ ಆಗಲೇ ಒಂದೊಂದು ಹತಾರವಿದೆ. ಎಳನೀರು, ಕಬ್ಬು, ಸೌದೆಗೆ ಮಚ್ಚು. ರಾಗಿ, ಹುಲ್ಲು, ಹಿಪ್ಪುನೇರಳೆ ಕೊಯ್ಲಿಗೆ ಕುಡ್ಲು. ಜೇಬಿನ ಚಾಕುವಿಗೆ ಉಳಿಯುವುದು ಇವು ಬಿಟ್ಟ ಸಣ್ಣ ಕೆಲಸಗಳು ಮಾತ್ರ. ಅದರ ಗಾತ್ರವನ್ನು ತೀರ್ಮಾನಿಸಬೇಕಾದವೂ ಆ ಕೆಲಸಗಳೇ.

ಕೆಲಸದ ಲೆಕ್ಕ

ಒಂದು ದಿನದಲ್ಲಿ ಏನೇನು ಕೊಯ್ಯುತ್ತೇವೆ ಎಂದು ಪಟ್ಟಿ ಮಾಡಿ ನೋಡಿ: ಗೊಬ್ಬರ, ಹಿಂಡಿ, ಬೂಸಾ ಮೂಟೆಯ ಹೊಲಿಗೆ. ಹಸುವಿನ ಹಗ್ಗದ ಸಿಕ್ಕು. ಡ್ರಿಪ್ ಪೈಪಿನ ತುಂಡು. ಕೊರಿಯರ್ ಡಬ್ಬಿಯ ಟೇಪು. ವೈರಿನ ಮೇಲಿನ ಪ್ಲಾಸ್ಟಿಕ್ಕು. ಒಂದು ಸೀಬೆ, ಒಂದು ಸೌತೆ, ಒಂದು ಮಾವು. ಊಟಕ್ಕೆ ಎರಡು ಬಾಳೆಎಲೆ. ಬೆರಳಿಗೆ ಹೊಕ್ಕ ಮುಳ್ಳು.

ಇವುಗಳಲ್ಲಿ ಹಗ್ಗ, ಟೇಪು, ದಾರ, ಪೈಪು ಯಾವುದಕ್ಕೂ ನಾಲ್ಕೈದು ಸೆಂ.ಮೀ. ಅಲಗಿಗಿಂತ ಹೆಚ್ಚು ಬೇಡ. ಉದ್ದ ಕೇಳುವುದು ಹಣ್ಣೊಂದೇ. ಏಳೆಂಟು ಸೆಂ.ಮೀ. ದಪ್ಪದ ಸೇಬನ್ನು ಒಂದೇ ಏಟಿಗೆ ಎರಡು ಹೋಳು ಮಾಡಲು ಅಷ್ಟೇ ಉದ್ದದ ಅಲಗು ಬೇಕು, ನಿಜ. ಆದರೆ ಅಲಗನ್ನು ನಡುವಿನವರೆಗೆ ಇಳಿಸಿ ಹಣ್ಣನ್ನೇ ಒಂದು ಸುತ್ತು ತಿರುಗಿಸಿದರೆ ಅರ್ಧ ಉದ್ದದ ಅಲಗಿನಲ್ಲೂ ಕೆಲಸ ಆಗುತ್ತದೆ. ಕಲ್ಲಂಗಡಿಗೆ ಮಾತ್ರ ಇದು ನಡೆಯದು. ಅದಕ್ಕೆ ಹೇಗೂ ಮನೆಗೆ ಹೋಗಬೇಕು.

ಅಂಗೈ ಹೇಳುವ ಅಳತೆ

ಮಡಚುವ ಚಾಕುವಿನಲ್ಲಿ ಅಲಗು ಹಿಡಿಯೊಳಗೆ ಅಡಗಬೇಕು. ಹಾಗಾಗಿ ಹಿಡಿ ಯಾವಾಗಲೂ ಅಲಗಿಗಿಂತ ಉದ್ದ. ಹೆಚ್ಚಿನ ಚಾಕುಗಳಲ್ಲಿ ಅಲಗು ಹಿಡಿಯ ಮುಕ್ಕಾಲು ಪಾಲಿನಷ್ಟು ಇರುತ್ತದೆ. ಅಲಗನ್ನು ಅಳೆಯುವ ಮೊದಲು ನಿಮ್ಮ ಅಂಗೈ ಅಳೆದುಕೊಳ್ಳಿ. ದೊಡ್ಡವರ ನಾಲ್ಕು ಬೆರಳ ಅಗಲ ಎಂಟರಿಂದ ಒಂಬತ್ತು ಸೆಂ.ಮೀ. ನಾಲ್ಕೂ ಬೆರಳು ಹಿಡಿಯ ಮೇಲೆ ಕೂತರೆ ಮಾತ್ರ ಚಾಕು ಕೈಯಲ್ಲಿ ಹೊರಳುವುದಿಲ್ಲ. ಅಂದರೆ ಹಿಡಿ ಒಂಬತ್ತರಿಂದ ಒಂಬತ್ತೂವರೆ, ಅಲಗು ಆರೂವರೆಯಿಂದ ಏಳು ಸೆಂ.ಮೀ.

ಅಂಗಡಿಗೆ ಸ್ಕೇಲು ಒಯ್ಯಬೇಕಾಗಿಲ್ಲ. ಹೊಸ ಮಾದರಿಯ ನೂರರ ನೋಟು 6.6 ಸೆಂ.ಮೀ. ಅಗಲ, 14.2 ಸೆಂ.ಮೀ. ಉದ್ದ. ಅದನ್ನು ಅರ್ಧಕ್ಕೆ ಮಡಚಿದರೆ 7.1 ಆಗುತ್ತದೆ. ಅಲಗು ಆ ಮಡಚಿದ ನೋಟಿನ ಅಗಲಕ್ಕೂ ಉದ್ದಕ್ಕೂ ನಡುವೆ ಬಂದರೆ ದಿನಬಳಕೆಗೆ ಸರಿಯಾದ ಚಾಕು ಸಿಕ್ಕಿತು ಅಂತಲೇ ತಿಳಿಯಿರಿ.

ಮೂರು ಗಾತ್ರ

ಲೋಕದಲ್ಲಿ ಹೆಸರಾದ ಎರಡು ಚಾಕುಗಳ ಅಳತೆ ನೋಡಿದರೆ ಲೆಕ್ಕ ಸುಲಭ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ಪೇಟೆಂಟು ಪಡೆದ ಕೆಂಪು ಹಿಡಿಯ ಚಾಕು ಇಂದು ವಿಕ್ಟೋರಿನಾಕ್ಸ್ ಹೆಸರಿನಲ್ಲಿ ಸಿಗುತ್ತದೆ. ಮಡಚಿದಾಗಿನ ಉದ್ದವೇ ಅದರ ಗುರುತು: 58, 84, 91, 111 ಮಿ.ಮೀ. ಫ್ರಾನ್ಸಿನ ಜೋಸೆಫ್ ಒಪಿನೆಲ್ 1890ರಲ್ಲಿ ತನ್ನೂರಿನ ರೈತರಿಗಾಗಿ ಮಾಡಿದ ಮರದ ಹಿಡಿಯ ಚಾಕುವಿಗೆ ಚಪ್ಪಲಿಯ ಹಾಗೆ ನಂಬರುಗಳಿವೆ. ಅಲ್ಲಿ ಎಂಟನೇ ನಂಬರಿನ ಅಲಗು 8.5 ಸೆಂ.ಮೀ.

ಸಣ್ಣದು: ಅಲಗು 4 ಸೆಂ.ಮೀ. ಸುಮಾರು. 58 ಮಿ.ಮೀ. ಚಾಕು ಈ ವರ್ಗಕ್ಕೆ ಸೇರಿದ್ದು. ಇಪ್ಪತ್ತು ಗ್ರಾಂ ಚಿಲ್ಲರೆ ತೂಕ, ಬೀಗದ ಕೈ ಗೊಂಚಲಿನಲ್ಲಿ ನೇತಾಡುತ್ತದೆ. ಪಂಚೆ ಉಡುವ ಹಿರಿಯರಿಗೆ, ಸೀರೆಯ ಸೊಂಟಕ್ಕೆ ಬೀಗದ ಕೈ ಸಿಕ್ಕಿಸುವ ಹೆಂಗಸರಿಗೆ, ಆಫೀಸು, ಶಾಲೆ, ಬ್ಯಾಂಕು ಎಂದು ಓಡಾಡುವವರಿಗೆ ಇದೇ ಸಾಕು. ಎರಡು ಬೆರಳಲ್ಲಿ ಹಿಡಿಯುವ ಚಾಕು ಇದು, ಒತ್ತಿ ಕೊಯ್ಯಲು ಹೋಗಬಾರದು.

ಮಧ್ಯಮ: ಅಲಗು 6ರಿಂದ 7.5 ಸೆಂ.ಮೀ. 91 ಮಿ.ಮೀ. ಚಾಕು ಇದಕ್ಕೆ ಮಾದರಿ. ಹತ್ತರಲ್ಲಿ ಒಂಬತ್ತು ಕೆಲಸ ಇದರಲ್ಲಿ ಮುಗಿಯುತ್ತದೆ. ಒಂದೇ ಚಾಕು ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ದೊಡ್ಡದು: ಅಲಗು 8ರಿಂದ 10 ಸೆಂ.ಮೀ. ತೋಟದಲ್ಲೇ ದಿನ ಕಳೆಯುವವರಿಗೆ, ಬಾಳೆಗಿಡದ ಒಣಎಲೆ ತೆಗೆಯುವವರಿಗೆ, ದಪ್ಪ ಹಗ್ಗದ ಜೊತೆ ಹೆಣಗುವವರಿಗೆ. ಇದು ಜೇಬಿಗಿಂತ ಚೀಲಕ್ಕೆ ವಾಸಿ.

ಇದಕ್ಕಿಂತ ಉದ್ದವಾದರೆ ಅದು ಮಚ್ಚಿನ ಕೆಲಸಕ್ಕೆ ಕೈಹಾಕಿ ಸೋಲುವ ಚಾಕು. ಕಾರಣವೂ ಸರಳ. ಮಡಚುವ ಚಾಕುವಿನ ಬಲವೆಲ್ಲ ಒಂದು ಸಣ್ಣ ರಿವೆಟ್ಟಿನ ಮೇಲೆ ನಿಂತಿದೆ. ಸನ್ನೆಗೋಲಿನ ಹಾಗೆ, ತುದಿ ದೂರ ಹೋದಷ್ಟೂ ಆ ರಿವೆಟ್ಟಿನ ಮೇಲೆ ಬೀಳುವ ಒತ್ತಡ ಹೆಚ್ಚು. ಒಂದೇ ತುಂಡು ಉಕ್ಕಿನ ಮಚ್ಚು ಎಳನೀರು ಕೆತ್ತಿ ವರ್ಷಗಟ್ಟಲೆ ಬಾಳುತ್ತದೆ. ಮಡಚುವ ಚಾಕು ಒಂದು ಕಾಯಿಗೇ ಅಲ್ಲಾಡಲು ಶುರುಮಾಡುತ್ತದೆ.

ಉದ್ದವೊಂದೇ ಅಲ್ಲ

ಅಲಗಿನ ಬೆನ್ನಿನ ದಪ್ಪ ನೋಡಿ. ಎರಡು ಮಿ.ಮೀ. ಆಸುಪಾಸಿನದು ಹಣ್ಣಿನಲ್ಲಿ ಜಾರಿಕೊಂಡು ಇಳಿಯುತ್ತದೆ. ಮೂರು ನಾಲ್ಕು ಮಿ.ಮೀ. ದಪ್ಪದ್ದು ಬೆಣೆಯ ಹಾಗೆ ಸೀಳುತ್ತದೆ, ಸೀಬೆ ಅರ್ಧಕ್ಕೆ ಬರುವಷ್ಟರಲ್ಲಿ ಬಿರುಕು ಬಿಡುತ್ತದೆ. ಗಟ್ಟಿ ಕಾಣುತ್ತದೆ ಎಂದು ದಪ್ಪ ಅಲಗು ಕೊಂಡವರು ಇದನ್ನು ಮೊದಲ ದಿನವೇ ಕಲಿಯುತ್ತಾರೆ.

ತೂಕ ಎಂಬತ್ತು ಗ್ರಾಂ ದಾಟದಿರಲಿ. ಅದಕ್ಕಿಂತ ಭಾರವಾದರೆ ಜೇಬು ಜೋತು ಬೀಳುತ್ತದೆ, ನೀವೂ ಮನೆಯಲ್ಲಿ ಬಿಟ್ಟು ಹೋಗುತ್ತೀರಿ.

ಇನ್ನು ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಲಾಕು. ಸಣ್ಣ, ಮಧ್ಯಮ ಚಾಕುಗಳಲ್ಲಿ ಬರೀ ಸ್ಪ್ರಿಂಗಿನ ಬಿಗಿ ಇರುತ್ತದೆ. ಎಳೆದು ಕೊಯ್ಯುವ ಕೆಲಸಕ್ಕೆ ಅದು ಸಾಕು. ತುದಿಯಿಂದ ಚುಚ್ಚುವ, ತಿರುಚುವ ಕೆಲಸ ಇದ್ದರೆ ಲಾಕು ಇರುವುದನ್ನೇ ನೋಡಿ. ಇಲ್ಲದಿದ್ದರೆ ಅಲಗು ಮಡಚಿಕೊಂಡು ನಿಮ್ಮ ಬೆರಳಿನ ಮೇಲೇ ಬರುತ್ತದೆ.

ಉಕ್ಕಿನಲ್ಲಿ ಎರಡು ಜಾತಿ. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ, ಮಾವಿನ ಸೊನೆಗೂ ಬಾಳೆಯ ರಸಕ್ಕೂ ಕಪ್ಪಾಗುತ್ತದೆ. ಸ್ಟೇನ್‌ಲೆಸ್ ಹಾಗಲ್ಲ. ದಿನವೂ ಒರೆಸಿ ಎಣ್ಣೆ ಸವರುವ ಅಭ್ಯಾಸ ಇಲ್ಲದವರಿಗೆ ಅದೇ ಸರಿ. ರೇಷ್ಮೆ ಸಾಕುವ ಮನೆಯವರಿಗೆ ಇನ್ನೊಂದು ಮಾತು: ಹುಳುಮನೆ ತೊಳೆಯುವ ಬ್ಲೀಚಿಂಗ್ ಪುಡಿಯ ನೀರು ಸ್ಟೇನ್‌ಲೆಸ್ಸನ್ನೂ ತಿನ್ನುತ್ತದೆ. ಬಿದ್ದ ತಕ್ಷಣ ತೊಳೆಯಬೇಕು. ಕ್ರಿಮಿನಾಶಕದ ಪೊಟ್ಟಣ ಕತ್ತರಿಸಿದ ಚಾಕುವಿನಿಂದ ಹಿಪ್ಪುನೇರಳೆ ಸೊಪ್ಪು ಮುಟ್ಟಬೇಡಿ. ಹುಳು ಸಾಯಲು ಅಷ್ಟು ವಿಷವೇ ಸಾಕಾಗಬಹುದು.

ಕಾನೂನು ಏನನ್ನುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು ಕತ್ತಿ, ಬಾಕು, ಭರ್ಜಿಗಳ ಸಾಲಿನಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳನ್ನು ಆಯುಧವೆಂದು ಹೆಸರಿಸುತ್ತವೆ. ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವು ಈ ಪಟ್ಟಿಯಿಂದ ಹೊರಗೆ. ಮಚ್ಚು, ಕುಡ್ಲುಗಳು ನೆಮ್ಮದಿಯಾಗಿ ಮನೆಯಲ್ಲಿರುವುದು ಇದರಿಂದಲೇ. ಏಳು ಸೆಂ.ಮೀ. ಅಂದರೆ ಮೂರು ಇಂಚಿಗೂ ಕಡಿಮೆ, ಒಂಬತ್ತು ಇಂಚಿನ ಗೆರೆಯಿಂದ ಬಹಳ ದೂರ.

ಆದರೆ ಗುಂಡಿ ಒತ್ತಿದರೆ ಠಕ್ಕನೆ ತೆರೆದುಕೊಳ್ಳುವ, ಸಿನಿಮಾದಲ್ಲಿ ರಾಂಪುರಿ ಎಂದು ಹೆಸರಾದ ಬಗೆಯದನ್ನು ಕೊಳ್ಳಲೇಬೇಡಿ. ದೆಹಲಿ ಆಡಳಿತ 1980ರಲ್ಲಿ ಹೊರಡಿಸಿದ ಅಧಿಸೂಚನೆ ಅಂಥ ಚಾಕುವಿಗೆ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲದ ಗೆರೆ ಹಾಕಿತು. ಕೆಲಸದ ಚಾಕು ಉಗುರಿನಿಂದ ನಿಧಾನ ತೆರೆದರೆ ಸಾಕು. ಚುನಾವಣೆ, ಗಲಾಟೆಯ ದಿನಗಳಲ್ಲಿ ನಿಷೇಧಾಜ್ಞೆ ಇದ್ದರೆ ಸಣ್ಣ ಚಾಕುವನ್ನೂ ಮನೆಯಲ್ಲಿಡುವುದು ಜಾಣತನ. ವಿಮಾನದಲ್ಲಿ ಕೈಚೀಲದೊಳಗೆ ಚಾಕು ಒಯ್ಯುವಂತಿಲ್ಲ. ಬೆಂಗಳೂರಿಗೆ ಹೋಗಿ ಮೆಟ್ರೋ ಹತ್ತುವವರು ಬಸ್ಸು ಹತ್ತುವ ಮೊದಲೇ ಜೇಬು ನೋಡಿಕೊಳ್ಳಿ.

ಮುತ್ತತ್ತಿ ದಾರಿಯಲ್ಲಿ ಗಾತ್ರಕ್ಕೆ ಬೆಲೆಯಿಲ್ಲ

ಹಲಗೂರಿನವರು ಮರೆಯಬಾರದ ಇನ್ನೊಂದು ಗೆರೆ ಊರಿನ ಮಗ್ಗುಲಲ್ಲೇ ಇದೆ. ಮುತ್ತತ್ತಿಯ ಆಂಜನೇಯನಿಗೆ ಹರಕೆ ತೀರಿಸಲು, ಹೊಳೆ ದಡದಲ್ಲಿ ಅಡುಗೆ ಮಾಡಲು ಹೊರಟರೆ ದಾರಿ ಕಾವೇರಿ ವನ್ಯಜೀವಿಧಾಮದ ಕಾಡಿನೊಳಗೆ ಹೋಗುತ್ತದೆ. 1987ರಲ್ಲಿ ಘೋಷಣೆಯಾದ ಅಭಯಾರಣ್ಯ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆ ಆಯುಧ ಎಂದಾಗ ಬಂದೂಕು, ಬಲೆ, ಉರುಳಿನ ಜೊತೆಗೆ ಚಾಕುವನ್ನೂ ಹೆಸರಿಟ್ಟು ಸೇರಿಸುತ್ತದೆ. ಎಷ್ಟು ಇಂಚು ಎಂಬ ಮಾತೇ ಅಲ್ಲಿಲ್ಲ. ಊರಿನಲ್ಲಿ ಹಣ್ಣು ಕೊಯ್ಯುವ ಚಾಕು ಚೆಕ್‌ಪೋಸ್ಟಿನಲ್ಲಿ ಬೇರೆಯೇ ಆಗಿ ಕಾಣಬಹುದು. ಅಡುಗೆ ಸಾಮಾನು ಒಯ್ಯುವವರು ಅರಣ್ಯ ಸಿಬ್ಬಂದಿಗೆ ಮೊದಲೇ ಹೇಳಿ, ಅವರು ಬೇಡ ಅಂದರೆ ಅಲ್ಲೇ ಬಿಟ್ಟು ಹೋಗುವುದು ವಾಸಿ.

ಅಂಗಡಿಯಲ್ಲಿ ಐದು ನಿಮಿಷ

ಮಡಚಿ ಅಂಗೈಯಲ್ಲಿಡಿ, ಮುಷ್ಟಿ ಕಟ್ಟಿದರೆ ಎರಡೂ ತುದಿ ಸ್ವಲ್ಪ ಇಣುಕಬೇಕು. ಅಲಗಿನ ಮೊನೆ ಹಿಡಿಯೊಳಗೆ ಪೂರ್ತಿ ಮುಳುಗಿದೆಯೇ ಬೆರಳಿಂದ ಸವರಿ ನೋಡಿ, ಒಂದು ಕೂದಲೆಳೆ ಹೊರಗಿದ್ದರೂ ಜೇಬು ಹರಿಯುತ್ತದೆ. ತೆರೆದು ಅಲಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, ಹೊಸದರಲ್ಲೇ ಆಡುವುದು ಹಳೆಯದಾದ ಮೇಲೆ ಕುಣಿಯುತ್ತದೆ. ಉಗುರಿನಿಂದ ತೆರೆಯಲು ಬರುತ್ತದೆಯೇ ನೋಡಿ. ಬೆವರಿದ ಕೈಗೆ ಸಿಗದಷ್ಟು ಬಿಗಿಯಾದರೆ ಬೇಡ. ಕೊನೆಗೆ ಜೇಬಿಗೆ ಹಾಕಿಕೊಂಡು ಒಮ್ಮೆ ಕುಕ್ಕರಗಾಲಲ್ಲಿ ಕೂತು ಏಳಿ. ಎಕ್ಸ್‌ಎಲ್ ಗಾಡಿ ಏರಿದಾಗ, ಹಸು ಕರೆಯಲು ಕೂತಾಗ ಒತ್ತುವ ಚಾಕು ಹದಿನೈದು ದಿನವೂ ನಿಮ್ಮ ಜೊತೆ ಇರುವುದಿಲ್ಲ.

ಮೊಂಡು ಬಿಡಬೇಡಿ

ಸಣ್ಣ ಅಲಗಿನ ದೊಡ್ಡ ಲಾಭ ಮಸೆಯುವುದರಲ್ಲಿದೆ. ಮಸೆಕಲ್ಲು ಇಲ್ಲದಿದ್ದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದ ಒರಟು ಅಂಚಿಗೆ ನೀರು ಚಿಮುಕಿಸಿ. ಅಲಗಿನ ಅಗಲ ಎಷ್ಟಿದೆಯೋ ಅದರ ಮೂರನೇ ಒಂದು ಪಾಲಿನಷ್ಟು ಬೆನ್ನನ್ನು ಎತ್ತಿ ಹಿಡಿದರೆ ಕೋನ ಸುಮಾರು 20 ಡಿಗ್ರಿ ಆಗುತ್ತದೆ. ಒಂದೊಂದು ಮಗ್ಗುಲಿಗೆ ಹತ್ತು ಹತ್ತು ಎಳೆತ. ಏಳು ಸೆಂ.ಮೀ. ಅಲಗಿಗೆ ಐದು ನಿಮಿಷದ ಕೆಲಸ. ಮೊಂಡು ಚಾಕುವೇ ಹೆಚ್ಚು ಅಪಾಯ. ಕೊಯ್ಯದ್ದಕ್ಕೆ ನಾವು ಒತ್ತುತ್ತೇವೆ, ಒತ್ತಿದ್ದು ಜಾರಿ ಕೈಗೆ ಬರುತ್ತದೆ.

ಇಷ್ಟಾದ ಮೇಲೂ ಯಾವ ಗಾತ್ರ ಎಂದು ಗೊಂದಲವಿದ್ದರೆ, ಕೊಳ್ಳುವ ಮೊದಲು ಒಂದು ವಾರ ಕಾಯಿರಿ. ಹಲ್ಲಿನಲ್ಲಿ ಕಚ್ಚಿದ್ದು, ಕೀಲಿಯಲ್ಲಿ ತಿವಿದದ್ದು, ಉಗುರಲ್ಲಿ ಕಿತ್ತದ್ದು, ಇವನ್ನೆಲ್ಲ ನೆನಪಿಟ್ಟುಕೊಳ್ಳಿ. ಆ ವಾರದಲ್ಲಿ ನಿಮ್ಮ ಹಲ್ಲು ಮಾಡಿದ ಕೆಲಸವನ್ನು ಯಾವ ಅಲಗು ಮಾಡಬಲ್ಲದೋ ಅದೇ ನಿಮ್ಮ ಗಾತ್ರ. ಹಲ್ಲು ಎಂದೂ ಎಳನೀರು ಕೆತ್ತಿರುವುದಿಲ್ಲ.