ಪ್ರೊಜೆಕ್ಟರನ್ನು ಎಲ್ಲಿ ತೂಗಬೇಕು?

ನಮಗೆ ಚೆನ್ನಾಗಿ ಪರಿಚಯವಿರುವ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನು ಕೆಲವು ತಿಂಗಳುಗಳ ಕಾಲ ಒಂದು ಅಪವಾದವನ್ನು ಹೊತ್ತಿದ್ದನು. ಅವನಿಗೆ ಮಹಾಪ್ರಾಣಾಕ್ಷರಗಳ ಜ್ಞಾನವಿಲ್ಲ ಎಂಬುದೇ ಆ ಅಪವಾದ. ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ 'ಧನ' ಎಂದು ಮೂಡಿದ್ದುದನ್ನು ಅವನು ತನ್ನ ಪುಸ್ತಕದಲ್ಲಿ 'ದನ' ಎಂದು ಬರೆದುಕೊಳ್ಳುತ್ತಿದ್ದನು, 'ಫಲ'ವು 'ಪಲ'ವಾಗುತ್ತಿತ್ತು. ತಪ್ಪಿದ ಪದಗಳನ್ನು ಹತ್ತು ಹತ್ತು ಸಲ ಬರೆದು ತರಬೇಕೆಂದು ಉಪಾಧ್ಯಾಯರು ವಿಧಿಸಿದರು. ಕಣ್ಣಿನ ದೋಷವಿರಬಹುದೆಂದು ತಂದೆತಾಯಿಗಳು ವೈದ್ಯರಿಗೆ ತೋರಿಸಿದರು, ಕಣ್ಣು ನಿರ್ದುಷ್ಟವಾಗಿತ್ತು. ವಿಚಿತ್ರವೆಂದರೆ, ಅಚ್ಚಾದ ಪಠ್ಯಪುಸ್ತಕವನ್ನು ನೋಡಿ ಬರೆಯುವಾಗ ಅದೇ ಹುಡುಗನು ಒಂದು ತಪ್ಪನ್ನೂ ಮಾಡುತ್ತಿರಲಿಲ್ಲ.

ಈ ಸಂಗತಿ ನಮ್ಮ ಕಿವಿಗೆ ಬಿದ್ದಾಗ ನಾವು ಒಂದು ದಿನ ಆ ಕೊಠಡಿಗೆ ಹೋಗಿ ಅವನು ಕುಳಿತುಕೊಳ್ಳುವ ಕೊನೆಯ ಬೆಂಚಿನಲ್ಲಿಯೇ ಕುಳಿತು ನೋಡಿದೆವು. ನಮಗೂ ಅದು 'ದನ'ವೆಂದೇ ಕಂಡಿತು. ಧಕಾರದ ಹೊಟ್ಟೆಯ ಸೀಳು ಇದ್ದ ಜಾಗದಲ್ಲಿ ಒಂದು ಮಸುಕು ಮಾತ್ರ ಇದ್ದಿತು. ಆಗ ನಮಗಾದ ಸಂಕೋಚವನ್ನು ಹೇಳಿಕೊಳ್ಳಲೇಬೇಕು. ಏಕೆಂದರೆ ಹಿಂದಿನ ವರ್ಷ ಆ ಪ್ರೊಜೆಕ್ಟರನ್ನು ಇಂಥ ಜಾಗದಲ್ಲಿ ತೂಗಿರೆಂದು ಸಲಹೆ ಮಾಡಿ, ನಿಂತು ಕೆಲಸ ಮಾಡಿಸಿದವರು ನಾವೇ.

ಕೊಠಡಿ 30 ಅಡಿ ಉದ್ದ, 20 ಅಡಿ ಅಗಲ. ಮುಂಭಾಗದ ಗೋಡೆಯಲ್ಲಿ ಎರಡು ಕಿಟಕಿಗಳಿದ್ದು ಅವುಗಳ ನಡುವೆ ಸುಣ್ಣ ಬಳಿದ ಜಾಗ 10 ಅಡಿಯಷ್ಟಿದೆ. ವಿದ್ಯುತ್ತಿನ ಪ್ಲಗ್ಗು ಹಿಂದುಗಡೆಯ ತೊಲೆಯ ಬಳಿ ಇದ್ದಿತು. ಪ್ಲಗ್ಗು ಇದ್ದಲ್ಲಿ ಯಂತ್ರ ಎಂದು ನಾವು ತೀರ್ಮಾನಿಸಿದೆವು. ಈ ನಾಡಿನ ಅರ್ಧಕ್ಕರ್ಧ ಪ್ರೊಜೆಕ್ಟರುಗಳ ಸ್ಥಾನವನ್ನು ಗೊತ್ತುಮಾಡಿರುವುದು ದೃಗ್ವಿಜ್ಞಾನವಲ್ಲ, ಪ್ಲಗ್ಗು ಎಂದು ನಮಗೆ ಈಗ ಅನುಮಾನ. ಅಂತೂ ತೊಲೆಗೆ ನಾಲ್ಕು ರಂಧ್ರಗಳನ್ನು ಕೊರೆಸಿ, ಗೋಡೆಯಿಂದ 26 ಅಡಿ ದೂರದಲ್ಲಿ ಯಂತ್ರವನ್ನು ಬಿಗಿಸಿದ್ದಾಯಿತು.

ಬೆಳಕು ಮಸೂರದಿಂದ ಹೊರಟು ಬೀಸಣಿಗೆಯಂತೆ ಹರಡಿಕೊಳ್ಳುತ್ತ ಹೋಗುತ್ತದೆ. ಎರಡರಷ್ಟು ದೂರ ಹೋದರೆ ಚಿತ್ರದ ಅಗಲವೂ ಎರಡರಷ್ಟಾಗುತ್ತದೆ. ಶಾಲೆಯಲ್ಲಿ ಸಮರೂಪ ತ್ರಿಭುಜಗಳನ್ನು ಕಲಿತವರಿಗೆ ಇದು ಹೊಸದಲ್ಲ. ಆದುದರಿಂದ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಆಯಾ ಯಂತ್ರಕ್ಕೆ ಗೊತ್ತಾದ ಒಂದು ಸಂಖ್ಯೆಯಾಗಿರುತ್ತದೆ. ಯಂತ್ರದೊಡನೆ ಬರುವ ಕೈಪಿಡಿಯಲ್ಲಿ ಇದನ್ನು 'ಥ್ರೋ ರೇಷಿಯೋ' ಎಂದು ಅಚ್ಚುಮಾಡಿರುತ್ತಾರೆ. ನಾವು ಇದನ್ನು ದೂರಾನುಪಾತವೆಂದು ಕರೆಯೋಣ. ಆ ಶಾಲೆಯ ಯಂತ್ರದ ದೂರಾನುಪಾತ 1.5 ರಿಂದ 1.8. ಎರಡು ಸಂಖ್ಯೆಗಳೇಕೆಂದರೆ, ಮಸೂರದ ಸುತ್ತಲಿನ ಬಳೆಯನ್ನು ತಿರುಗಿಸಿ ಚಿತ್ರವನ್ನು ಕೊಂಚ ಹಿಗ್ಗಿಸಲು ಅಥವಾ ಕುಗ್ಗಿಸಲು ಅವಕಾಶವಿದೆ. ಗೋಡೆಗೆ ತೀರ ಹತ್ತಿರದಲ್ಲಿಯೇ ಇಡಬಹುದಾದ, 0.4ಕ್ಕಿಂತ ಕಡಿಮೆ ಅನುಪಾತದ ಯಂತ್ರಗಳೂ ಇವೆ. ಅವುಗಳ ಬೆಲೆ ಹೆಚ್ಚು.

ಈ ಸಂಖ್ಯೆ ಎಲ್ಲಿಂದ ಹುಟ್ಟಿತು? ಅದನ್ನು ತಿಳಿಯಲು ಯಂತ್ರದ ಒಡಲನ್ನು ಇಣುಕಿ ನೋಡಬೇಕು. 1659ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸನು ಮಾಯಾದೀಪವನ್ನು ರಚಿಸಿದಾಗ ದೀಪ, ಗಾಜಿನ ಮೇಲೆ ಬರೆದ ಚಿತ್ರ, ಮಸೂರ ಈ ಮೂರನ್ನು ಒಂದೇ ಸಾಲಿನಲ್ಲಿ ಇರಿಸಿದ್ದನು. ಇಂದಿನ ಪ್ರೊಜೆಕ್ಟರಿನಲ್ಲಿಯೂ ಇರುವುದು ಇವೇ ಮೂರು. ಗಾಜಿನ ಚಿತ್ರದ ಸ್ಥಾನಕ್ಕೆ ಮಾತ್ರ ಹೊಸ ವಸ್ತು ಬಂದಿದೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ ಅವರು 1987ರಲ್ಲಿ ಕಂಡುಹಿಡಿದ ಸೂಕ್ಷ್ಮ ಕನ್ನಡಿಗಳ ಬಿಲ್ಲೆ ಅಂಥದೊಂದು. ಶಾಲೆಯ ಯಂತ್ರದಲ್ಲಿ ಈ ಬಿಲ್ಲೆಯ ಅಗಲ ಸುಮಾರು 14 ಮಿಲಿಮೀಟರ್. ಇಷ್ಟು ಚಿಕ್ಕ ಬಿಲ್ಲೆಯ ಮೇಲೆ ಅಡ್ಡಲಾಗಿ 1280, ಉದ್ದಕ್ಕೆ 800, ಒಟ್ಟು 10 ಲಕ್ಷ 24 ಸಾವಿರ ಕನ್ನಡಿಗಳು ಕುಳಿತಿವೆ. ಪ್ರತಿಯೊಂದು ಕನ್ನಡಿಯೂ ಅತ್ತಿತ್ತ ವಾಲುತ್ತ ಬೆಳಕನ್ನು ಮಸೂರದ ಕಡೆಗೆ ಕಳುಹಿಸುತ್ತದೆ, ಇಲ್ಲವೆ ಯಂತ್ರದೊಳಗಿನ ಕಪ್ಪು ಮೂಲೆಯೊಂದಕ್ಕೆ ಎಸೆದುಬಿಡುತ್ತದೆ. ಒಂದು ಕನ್ನಡಿ ಗೋಡೆಯ ಮೇಲೆ ಒಂದು ಚುಕ್ಕೆಗೆ, ಎಂದರೆ ಒಂದು ಪಿಕ್ಸೆಲಿಗೆ, ಹೊಣೆ.

ಗೋಡೆ ಮಸೂರದಿಂದ ಬಹಳ ದೂರದಲ್ಲಿರುವಾಗ, ಮಸೂರದ ಸಂಗಮದೂರವನ್ನು ಬಿಲ್ಲೆಯ ಅಗಲದಿಂದ ಭಾಗಿಸಿದರೆ ದೂರಾನುಪಾತ ದೊರೆಯುತ್ತದೆ. ಸಂಗಮದೂರ 21 ಮಿಲಿಮೀಟರ್ ಆದರೆ ಅನುಪಾತ 1.5, ಬಳೆಯನ್ನು ತಿರುಗಿಸಿ ಸಂಗಮದೂರವನ್ನು 25 ಮಿಲಿಮೀಟರಿಗೆ ಒಯ್ದರೆ 1.8. ಮಸೂರವನ್ನೂ ಬಿಲ್ಲೆಯನ್ನೂ ಕಾರ್ಖಾನೆಯಲ್ಲಿಯೇ ಕೂಡಿಸಿರುವುದರಿಂದ ನಮ್ಮ ಕೈಯಲ್ಲಿ ಉಳಿಯುವುದು ದೂರವೊಂದೇ. ಯಂತ್ರವನ್ನು ಎಲ್ಲಿ ಇಡುತ್ತೇವೆ ಎಂಬುದಕ್ಕೆ ಇಷ್ಟು ಮಹತ್ವ ಬಂದಿರುವುದು ಈ ಕಾರಣದಿಂದಲೇ.

ಈಗ ನಮ್ಮ ತಪ್ಪಿನ ಲೆಕ್ಕ. ದೂರ 26 ಅಡಿ. ಅನುಪಾತ ಹೆಚ್ಚೆಂದರೆ 1.8. ಭಾಗಿಸಿದರೆ ಸುಮಾರು 14.4 ಅಡಿ. ಆ ತೊಲೆಯಿಂದ ಮೂಡಬಹುದಾದ ಅತ್ಯಂತ ಚಿಕ್ಕ ಚಿತ್ರದ ಅಗಲವೇ ಇದು! ಇದ್ದ ಗೋಡೆ 10 ಅಡಿ. ಮೊದಲ ದಿನ ಯಂತ್ರವನ್ನು ಹಚ್ಚಿದಾಗ ಚಿತ್ರದ ಎರಡೂ ಅಂಚುಗಳು ಕಿಟಕಿಗಳ ಮೇಲೆ ಚೆಲ್ಲಿಕೊಂಡವು. ಆಗ ಯಾರೋ ಯಂತ್ರದ ಗುಂಡಿಗಳನ್ನೊತ್ತಿ 'ಡಿಜಿಟಲ್ ಜೂಮ್' ಎಂಬುದನ್ನು ಹುಡುಕಿ ತೆಗೆದು ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿದರು. ಚಿತ್ರ ಎರಡು ಕಿಟಕಿಗಳ ನಡುವೆ ಅಂದವಾಗಿ ಕುಳಿತಿತು. ಎಲ್ಲರೂ ಸಂತೋಷಪಟ್ಟರು, ನಾವೂ ಪಟ್ಟೆವು.

ಆದರೆ ಈ ಕುಗ್ಗಿಸುವಿಕೆ ಮಸೂರದ ಕೆಲಸವಲ್ಲ. ಮಸೂರವು ಎಂದಿನಂತೆ 14.4 ಅಡಿಯ ಚಿತ್ರವನ್ನೇ ಬೀರುತ್ತಿತ್ತು. ಅದರ ನಡುಭಾಗದ ಕನ್ನಡಿಗಳಿಗೆ ಮಾತ್ರ ಕೆಲಸ ಕೊಟ್ಟು ಸುತ್ತಲಿನವನ್ನು ಸುಮ್ಮನಿರಿಸಲಾಗಿತ್ತು. ಅಗಲ ಅರ್ಧ, ಎತ್ತರ ಅರ್ಧ, ಎಂದ ಮೇಲೆ ದುಡಿಯುತ್ತಿದ್ದುದು ಕಾಲು ಭಾಗದಷ್ಟು ಕನ್ನಡಿಗಳು. 1280ಕ್ಕೆ ಬದಲು 640, 800ಕ್ಕೆ ಬದಲು 400. ಉಳಿದ ಮುಕ್ಕಾಲು ಪಾಲು ಕನ್ನಡಿಗಳು ತಮ್ಮ ಪಾಲಿನ ಬೆಳಕನ್ನೆಲ್ಲ ಯಂತ್ರದೊಳಗಿನ ಕಪ್ಪು ಮೂಲೆಗೆ ಸುರಿಯುತ್ತಿದ್ದವು. ಶಾಲೆಯವರು ಒಂದು ರೂಪಾಯಿ ಕೊಟ್ಟು ನಾಲ್ಕಾಣೆಯ ಸಾಮಾನು ತಂದಂತಾಯಿತು.

ಗೋಡೆಯ ಮೇಲೆ ಎರಡು ಅಂಗುಲ ಎತ್ತರವಾಗಿ ಮೂಡಿದ ಅಕ್ಷರವೊಂದನ್ನು ತೆಗೆದುಕೊಳ್ಳೋಣ. ಎಲ್ಲ ಕನ್ನಡಿಗಳೂ ದುಡಿದರೆ ಆ ಎತ್ತರಕ್ಕೆ ಸುಮಾರು 30 ಚುಕ್ಕೆಗಳು ಸಿಕ್ಕುತ್ತವೆ. ಕುಗ್ಗಿಸಿದ ಚಿತ್ರದಲ್ಲಿ 15 ಮಾತ್ರ. ಇಂಗ್ಲಿಷಿನ ದೊಡ್ಡಕ್ಷರವೊಂದನ್ನು ಇಷ್ಟರಲ್ಲಿ ಹೇಗೋ ಬರೆಯಬಹುದು. ಕನ್ನಡದ ಗತಿ ಬೇರೆ. ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಒಂದು ಸೀಳು. ಧಕಾರಕ್ಕೂ ಥಕಾರಕ್ಕೂ ಇರುವ ಅಂತರ ಒಂದು ಬೊಟ್ಟು. ಹದಿನೈದು ಚುಕ್ಕೆಗಳಲ್ಲಿ ತಲೆಕಟ್ಟು, ಒಡಲು, ಬಾಗು ಎಲ್ಲಕ್ಕೂ ಪಾಲು ಹೋದ ಮೇಲೆ ಸೀಳಿಗೆ ಒಂದೋ ಎರಡೋ ಉಳಿದಾವು. ಒತ್ತಕ್ಷರಗಳ ಪಾಡನ್ನಂತೂ ಕೇಳುವುದೇ ಬೇಡ.

ಇನ್ನು ಬೆಳಕಿನ ವಿಚಾರ. ಯಂತ್ರವು ಹೊರಸೂಸುವ ಬೆಳಕು 3000 ಲ್ಯೂಮೆನ್. ಅದನ್ನು 14.4 ಅಡಿ ಅಗಲ, 9 ಅಡಿ ಎತ್ತರದ ಜಾಗದ ಮೇಲೆ ಹರಡಿದರೆ ಪ್ರತಿ ಚದರ ಮೀಟರಿಗೆ 250 ಲ್ಯೂಮೆನ್, ಎಂದರೆ 250 ಲಕ್ಸ್ ಬೀಳುತ್ತದೆ. ಇದರ ಅರ್ಧದಷ್ಟು ಅಗಲದ ಚಿತ್ರವನ್ನು, ಯಂತ್ರವನ್ನು ಹತ್ತಿರ ತಂದು ಮಸೂರದಿಂದಲೇ ಮೂಡಿಸಿದ್ದರೆ ನಾಲ್ಕರಷ್ಟು, ಎಂದರೆ ಸುಮಾರು 1000 ಲಕ್ಸ್ ಬೀಳುತ್ತಿತ್ತು. ಕೊಠಡಿಯನ್ನು ಪೂರ್ತಿ ಕತ್ತಲೆ ಮಾಡಿದ್ದರೆ 250 ಲಕ್ಸ್ ಸಾಕಾಗುತ್ತಿತ್ತೆಂದು ಕೆಲವರು ಹೇಳಬಹುದು. ಆದರೆ ಮಕ್ಕಳು ಬರೆದುಕೊಳ್ಳಬೇಕಾದ ಕೊಠಡಿಯನ್ನು ಕತ್ತಲೆ ಮಾಡುವುದೆಂತು? ಯಾವ ಪ್ರೊಜೆಕ್ಟರೂ ಗೋಡೆಗೆ ಕಪ್ಪನ್ನು ಬಳಿಯಲಾರದು ಎಂಬುದನ್ನು ಇಲ್ಲಿ ನೆನೆಯಬೇಕು. ಅಕ್ಷರವು ಕಪ್ಪಾಗಿ ಕಾಣುವ ಕಡೆ ಯಂತ್ರದ ಬೆಳಕು ಬೀಳದೆ ಇದೆ, ಅಷ್ಟೆ. ಕಿಟಕಿಯ ಬೆಳಕು ಅಲ್ಲಿಯೂ ಬೀಳುತ್ತಲೇ ಇದೆ. ಕಿಟಕಿಯಿಂದ ಗೋಡೆಗೆ 200 ಲಕ್ಸ್ ಬರುತ್ತಿದೆಯೆಂದುಕೊಂಡರೆ, ನಮ್ಮ ಹಳೆಯ ಏರ್ಪಾಡಿನಲ್ಲಿ ಬಿಳುಪು 450, ಕಪ್ಪು 200, ಎರಡೂಕಾಲರಷ್ಟು ವ್ಯತ್ಯಾಸ. ಯಂತ್ರವು ಹತ್ತಿರವಿದ್ದಿದ್ದರೆ ಬಿಳುಪು 1200, ಕಪ್ಪು 200, ಆರರಷ್ಟು. ಆ ಹುಡುಗನು ತಿಂಗಳುಗಟ್ಟಲೆ ಓದಿದ್ದು ಬೂದಿಯ ಮೇಲೆ ಬೂದಿಯಲ್ಲಿ ಬರೆದ ಅಕ್ಷರಗಳನ್ನು.

ಹಾಗಾದರೆ ಚಿತ್ರ ಎಷ್ಟು ದೊಡ್ಡದಿರಬೇಕು? ಅಂಗಡಿಯವರು '100 ಇಂಚಿನ ಚಿತ್ರ' ಎನ್ನುತ್ತಾರೆ. ಅದು ಅಗಲವಲ್ಲ, ಮೂಲೆಯಿಂದ ಮೂಲೆಗೆ ಅಳೆದ ಕರ್ಣ. ಅಗಲವೂ ಎತ್ತರವೂ 16ಕ್ಕೆ 10ರಂತಿರುವ ಚಿತ್ರದಲ್ಲಿ 100 ಇಂಚಿನ ಕರ್ಣಕ್ಕೆ ಅಗಲ ಸುಮಾರು 85 ಇಂಚು, ಎತ್ತರ 53 ಇಂಚು. ಕರ್ಣವನ್ನೇ ಅಗಲವೆಂದು ತಿಳಿದು ಲೆಕ್ಕ ಹಾಕಿ ಮೋಸಹೋದವರು ಬಹಳ ಮಂದಿ. ಗೋಡೆ ಎಷ್ಟು ಹಿಡಿಸುತ್ತದೆ ಎಂಬುದರಿಂದ ಲೆಕ್ಕವನ್ನು ಆರಂಭಿಸುವುದೂ ತಪ್ಪೇ. ಆರಂಭಿಸಬೇಕಾದುದು ಕೊನೆಯ ಬೆಂಚಿನಿಂದ. ಓದಬೇಕಾದ ಬರಹವಿದ್ದರೆ, ಅತ್ಯಂತ ದೂರದಲ್ಲಿ ಕುಳಿತವನು ಚಿತ್ರದ ಎತ್ತರದ ಆರು ಪಾಲಿಗಿಂತ ದೂರವಿರಬಾರದೆಂಬುದು ಈ ವೃತ್ತಿಯಲ್ಲಿ ರೂಢಿಗೆ ಬಂದ ಕಟ್ಟಳೆ. ಚಲನಚಿತ್ರವನ್ನು ಸುಮ್ಮನೆ ನೋಡುವುದಾದರೆ ಎಂಟು ಪಾಲಿನವರೆಗೂ ನಡೆಯುತ್ತದೆ. ನಕ್ಷೆಯ ಸೂಕ್ಷ್ಮಗಳನ್ನು ಪರೀಕ್ಷಿಸಬೇಕಾದರೆ ನಾಲ್ಕು ಪಾಲು.

ಆ ಕೊಠಡಿಯ ಕೊನೆಯ ಬೆಂಚು ಗೋಡೆಯಿಂದ 27 ಅಡಿ. ಆರರಿಂದ ಭಾಗಿಸಿದರೆ ಚಿತ್ರದ ಎತ್ತರ 4.5 ಅಡಿ, ಅದಕ್ಕೆ ತಕ್ಕ ಅಗಲ 7.2 ಅಡಿ. ಈ ಅಗಲವನ್ನು 1.5 ರಿಂದಲೂ 1.8 ರಿಂದಲೂ ಗುಣಿಸಿದೆವು. ಯಂತ್ರವು ಗೋಡೆಯಿಂದ 10.8 ಅಡಿಗೂ 13 ಅಡಿಗೂ ನಡುವೆ ಎಲ್ಲಿಯಾದರೂ ಇರಬಹುದು. ನಡುವಣ ತೊಲೆ 12 ಅಡಿಗೆ ಸರಿಯಾಗಿ ನಿಂತಿತ್ತು, ಒಂದು ವರ್ಷದಿಂದ ನಮ್ಮನ್ನೇ ಕಾಯುತ್ತಿದ್ದಂತೆ! ಕಣ್ಣಿನ ಕಡೆಯಿಂದ ಮತ್ತೊಮ್ಮೆ ಪರೀಕ್ಷಿಸಿದೆವು. ಆರೋಗ್ಯವಂತವಾದ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲುದು. 27 ಅಡಿ ದೂರಕ್ಕೆ ಇದು 2.4 ಮಿಲಿಮೀಟರ್. ಹೊಸ ಏರ್ಪಾಡಿನಲ್ಲಿ ಒಂದು ಚುಕ್ಕೆಯ ಅಗಲ 1.7 ಮಿಲಿಮೀಟರ್. ಹಳೆಯದರಲ್ಲಿ ಅದು 3.4 ಆಗಿದ್ದಿತು. ಹುಡುಗನ ಕಣ್ಣು ಯಂತ್ರಕ್ಕಿಂತ ಹರಿತವಾಗಿತ್ತೆಂಬುದು ಇದರಿಂದ ಸ್ಪಷ್ಟವಾಯಿತು.

ಈ ಸಲ ತೊಲೆಯನ್ನು ಕೊರೆಸುವ ಆತುರಪಡಲಿಲ್ಲ. ಎರಡು ಮೇಜುಗಳನ್ನು ಒಂದರ ಮೇಲೊಂದಿಟ್ಟು ಯಂತ್ರವನ್ನು ಅದರ ಮೇಲೆ ಕೂರಿಸಿ, ಮಸೂರದ ಮುಖದಿಂದ ಗೋಡೆಗೆ ಟೇಪು ಹಿಡಿದು ಅಳೆದೆವು. ಯಂತ್ರದ ಬೆನ್ನಿನಿಂದ ಅಳೆದರೆ ಒಂದು ಅಡಿಯಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಅಳತೆ ಲೆಕ್ಕಕ್ಕೆ ಕೂಡಿತು. ಆದರೆ ಎತ್ತರದ ಪ್ರಶ್ನೆಯೊಂದು ಉಳಿದಿತ್ತು. ಹಿಂದೆ ಯಂತ್ರವನ್ನು ಛಾವಣಿಗೆ ಅಂಟಿದಂತೆ ಕೂರಿಸಿದ್ದರಿಂದ ಎರಡು ತೊಂದರೆಗಳಾಗಿದ್ದವು. ಬೆಳಕು ಫ್ಯಾನಿನ ರೆಕ್ಕೆಗಳನ್ನು ಹಾದು ಬರುತ್ತಿದ್ದುದರಿಂದ, ಫೆಬ್ರವರಿಯ ಬಿಸಿಲಿನಲ್ಲಿಯೂ ಫ್ಯಾನನ್ನು ನಿಲ್ಲಿಸಿ ಪಾಠ ಮಾಡಬೇಕಾಗಿತ್ತು. ಅಲ್ಲದೆ ಯಂತ್ರದ ಮೂತಿಯನ್ನು ಕೆಳಕ್ಕೆ ಬಗ್ಗಿಸಬೇಕಾಗಿ ಬಂದುದರಿಂದ ಚಿತ್ರವು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿ ಮೊರದ ಆಕಾರ ತಾಳಿತ್ತು. ಕೆಳ ಅಂಚಿಗೆ ಹೋಗುವ ಬೆಳಕು ಹೆಚ್ಚು ದೂರ ನಡೆಯುವುದರಿಂದ ಹೆಚ್ಚು ಹರಡುತ್ತದೆ. ಇದನ್ನು ತಿದ್ದಲು 'ಕೀಸ್ಟೋನ್' ಎಂಬ ಗುಂಡಿ ಇದೆಯಾದರೂ, ಅದು ಕೂಡ ಇನ್ನಷ್ಟು ಕನ್ನಡಿಗಳನ್ನು ಕೆಲಸದಿಂದ ಬಿಡಿಸಿಯೇ ಚೌಕಟ್ಟನ್ನು ನೇರಮಾಡುತ್ತದೆ.

ಈ ಬಗೆಯ ಯಂತ್ರಗಳಲ್ಲಿ ಬಿಲ್ಲೆಯು ಮಸೂರದ ಅಕ್ಷದಿಂದ ಒಂದು ಬದಿಗೆ ಸರಿದಿರುತ್ತದೆ. ಮೇಜಿನ ಮೇಲೆ ಮಟ್ಟಸವಾಗಿ ಇಟ್ಟರೆ ಚಿತ್ರವೆಲ್ಲ ಮಸೂರಕ್ಕಿಂತ ಮೇಲೆ ಮೂಡುತ್ತದೆ. ತಲೆಕೆಳಗಾಗಿ ತೂಗಿದರೆ ಕೆಳಗೆ. ಹಾಗಾಗಿ ಮಸೂರವನ್ನು ಚಿತ್ರದ ಮೇಲಂಚಿನ ಮಟ್ಟಕ್ಕೆ, ಅಥವಾ ಅದಕ್ಕಿಂತ ತುಸು ಮೇಲೆ ಇಟ್ಟರೆ ಬಗ್ಗಿಸುವ ಅಗತ್ಯವೇ ಬೀಳದು. ಚಿತ್ರದ ಕೆಳ ಅಂಚು ಮುಂದಿನ ಸಾಲಿನ ತಲೆಗಳಿಗೆ ಮರೆಯಾಗದಂತೆ ನೆಲದಿಂದ 4 ಅಡಿ ಎತ್ತರದಲ್ಲಿರಲೆಂದು ನಿಶ್ಚಯಿಸಿದೆವು. ಅಲ್ಲಿಗೆ ಮೇಲಂಚು 8.5 ಅಡಿ. ಛಾವಣಿ 11 ಅಡಿ ಇದ್ದುದರಿಂದ ಎರಡು ಅಡಿಯ ಕೊಳವೆಯೊಂದನ್ನು ತೊಲೆಯಿಂದ ಇಳಿಬಿಟ್ಟು ಯಂತ್ರವನ್ನು ಅದರ ತುದಿಗೆ ಬಿಗಿಸಿದರು. ಬೆಳಕು ಫ್ಯಾನಿನ ಕೆಳಗೆ ಹಾದುಹೋಯಿತು. ಇಷ್ಟಕ್ಕೆ ಆದ ಖರ್ಚು ಕೊಳವೆ, 15 ಅಡಿ ತಂತಿ, ಹೊಸ ಪ್ಲಗ್ಗು ಹಾಗೂ ವೈರ್‌ಮನ್ನನ ಒಂದು ದಿನದ ಕೂಲಿ.

ಕೆಲಸ ಮುಗಿದ ಮೇಲೆ ಕನ್ನಡದ ಉಪಾಧ್ಯಾಯರು ಒಂದೇ ಪುಟದಲ್ಲಿ 'ದನ, ಧನ, ಪದ, ಪಥ, ವಿಧಿ, ವೀಥಿ' ಎಂದು ಬರೆದು ಗೋಡೆಗೆ ಬಿಟ್ಟರು. ಒಂದು ಪುಟಕ್ಕೆ ಹನ್ನೆರಡು ಸಾಲುಗಳಿಗಿಂತ ಹೆಚ್ಚು ತುಂಬುವುದಿಲ್ಲವೆಂದು ಅವರು ಆಗಲೇ ನಮಗೆ ಮಾತು ಕೊಟ್ಟಿದ್ದರು. ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕಷ್ಟೆ. ಹುಡುಗನನ್ನು ಅವನ ಜಾಗದಲ್ಲಿಯೇ ಕೂರಿಸಿ ಓದಲು ಹೇಳಿದರು. ಅವನು ಒಂದೂ ತಪ್ಪದೆ ಓದಿದನು. ಉಪಾಧ್ಯಾಯರು ಅವನ ಹಳೆಯ ಬರವಣಿಗೆಯ ಪುಸ್ತಕವನ್ನು ತರಿಸಿ, ಕೆಂಪು ಶಾಯಿಯಲ್ಲಿ ತಾವು ಗೀಚಿದ್ದ ಪುಟಗಳನ್ನು ಸ್ವಲ್ಪ ಹೊತ್ತು ತಿರುವಿ ನೋಡಿ, ಏನೂ ಹೇಳದೆ ಅವನ ಕೈಗೆ ಹಿಂದಿರುಗಿಸಿದರು. ಹಿಂದಿನ ತೊಲೆಯಲ್ಲಿ ನಾವು ಕೊರೆಸಿದ ನಾಲ್ಕು ರಂಧ್ರಗಳು ಇನ್ನೂ ಹಾಗೆಯೇ ಇವೆ; ಗಾರೆಯವನನ್ನು ಕರೆಸಿ ಮುಚ್ಚಿಸಬೇಕು.